ವಿಶ್ವವಿದ್ಯಾಲಯದ ಜೊತೆ ಒಂದು ಚೌಕಾಸಿ

ಹಳೇ ಮೇಜು, ಕುರ್ಚಿ, ಕಪಾಟುಗಳ ಅಂಗಡಿ ಇಟ್ಟುಕೊಂಡಿದ್ದ ಆ ಯಜಮಾನರಿಗೂ ಹೆತ್ತವರು ಒಂದು ಹೆಸರು ಇಟ್ಟಿದ್ದರು. ಅದು ಬ್ಯಾಂಕಿನವರಿಗೆ ಮತ್ತು ಹೆಂಡತಿಯ ತವರಿನವರಿಗೆ ಮಾತ್ರ ಗೊತ್ತಿತ್ತು. ಬೀದಿಗೆಲ್ಲ ಅವರು ಅರ್ಧಬೆಲೆಯವರು. ಯಾರು ಏನು ಹೇಳಿದರೂ ಅದರ ಅರ್ಧದಿಂದ ಮಾತು ಶುರು ಮಾಡುವುದು ಅವರ ಪದ್ಧತಿ. ಮೇಜಿಗೆ ಹೇಳಿದ ಬೆಲೆಯಲ್ಲಿ ಅರ್ಧ ಕೇಳಿದರೆ ಅದು ವ್ಯಾಪಾರ, ತಪ್ಪೇನಿಲ್ಲ. ಆದರೆ ಸೊಂಟ ಹಿಡಿದುಕೊಂಡು ಹೋದಾಗ ಡಾಕ್ಟರು, “ಎರಡು ವಾರ ಮಲಗಿರಬೇಕು” ಅಂದರೆ, ಇವರು ಮಲಗಿದ್ದಲ್ಲಿಂದಲೇ, “ಒಂದು ವಾರ ಮಾಡ್ಕೊಳ್ಳಿ” ಅಂದಿದ್ದರು. ಡಾಕ್ಟರು ಪಾಪ, ಹತ್ತು ದಿನಕ್ಕೆ ಇಳಿದರು. ಜಗತ್ತಿನಲ್ಲಿ ಇಳಿಯದ ಮಾತು ಎಂಬುದೇ ಇಲ್ಲ ಎನ್ನುವ ನಂಬಿಕೆ ಅವರಲ್ಲಿ ಬೇರುಬಿಟ್ಟದ್ದು ಅಂದಿನಿಂದ.

ಇಂಥವರ ಮನೆಗೆ ಒಂದು ದಿನ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಬಂದದ್ದು ಅವರಿಗಲ್ಲ, ಹೆಂಡತಿಗೆ. ಮದುವೆಯಾದಾಗ ಕಾಲೇಜಿನ ಮೆಟ್ಟಿಲು ಇಳಿದುಬಂದಿದ್ದ ಆಕೆ, ಇಪ್ಪತ್ತೆರಡು ವರ್ಷ ಬಿಟ್ಟು ಮತ್ತೆ ಹತ್ತುವ ಮನಸ್ಸು ಮಾಡಿದ್ದಳು. ಅಂಗಡಿಗೆ ಬರುವ ಹಳೇ ಕಪಾಟುಗಳ ಖಾನೆಯಲ್ಲಿ ಯಾರೋ ಮರೆತುಬಿಟ್ಟ ಪುಸ್ತಕಗಳಿರುತ್ತಿದ್ದವು. ಅವುಗಳಲ್ಲಿ ರಾಜರ ಕಥೆ, ಯುದ್ಧದ ಕಥೆ, ಊರು ಹುಟ್ಟಿದ, ಊರು ಮುಳುಗಿದ ಕಥೆಗಳನ್ನು ಓದಿ ಓದಿ ಇತಿಹಾಸದ ರುಚಿ ಹತ್ತಿತ್ತು. ಗಂಡನಿಗೆ ಹೇಳದೆ ಕೇಳದೆ ಅರ್ಜಿ ಹಾಕಿದ್ದಳು. ಹೇಳಿದ್ದರೆ ಅರ್ಧ ಅರ್ಜಿ ಹಾಕು ಅನ್ನುತ್ತಿದ್ದರು.

ಪತ್ರ ಬಂದ ಸುದ್ದಿ ಅಂಗಡಿಯಲ್ಲೇ ಬಯಲಾಯಿತು. ಪಕ್ಕದ ದರ್ಜಿ ಕತ್ತಿಗೆ ಟೇಪು ಹಾಕಿಕೊಂಡೇ ಓಡಿಬಂದ. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಮಾರಾಟಕ್ಕಿಟ್ಟ ಆರಾಮಕುರ್ಚಿಯಲ್ಲಿ ಎಂದಿನಂತೆ ಮೊದಲೇ ಕೂತಿದ್ದರು. ಅರ್ಧಬೆಲೆಯವರು ಪತ್ರವನ್ನು ತೋಳಿನಷ್ಟು ದೂರ ಹಿಡಿದು, ಹುಳ ಹಿಡಿದಿರಬಹುದಾದ ಮೇಜಿನ ಕಾಲನ್ನು ನೋಡುವಂತೆ ನೋಡಿದರು.

“ಏನ್ರೀ ಅದು, ‘ಷರತ್ತುಬದ್ಧ ಪ್ರವೇಶ’ ಅಂತ ಇದೆಯಲ್ಲ?” ಎಂದು ದರ್ಜಿ ಹೆಗಲ ಮೇಲಿಂದ ಇಣುಕಿದ.

ಅರ್ಧಬೆಲೆಯವರಿಗೆ ಗೊತ್ತಿರಲಿಲ್ಲ. ಆದರೆ ತನ್ನ ಅಂಗಡಿಯಲ್ಲಿ, ತನ್ನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಗೊತ್ತಿಲ್ಲ ಅನ್ನುವುದು ಅವರ ಮನೆತನದಲ್ಲೇ ಇರಲಿಲ್ಲ. “ಅದಾ? ಮೊದಲನೇ ಮಾತು ಅಂತ ಅರ್ಥ,” ಅಂದರು. “ನಾವು ಗಿರಾಕಿಗೆ ಒಂದು ಬೆಲೆ ಹೇಳ್ತೀವಲ್ಲ, ಹಾಗೆ. ಅಷ್ಟಕ್ಕೇ ಕೊಡಬೇಕು ಅಂತ ನಮಗೂ ಇರಲ್ಲ, ತಗೋಬೇಕು ಅಂತ ಅವರಿಗೂ ಇರಲ್ಲ.”

“ಮತ್ತೆ ಈ ‘ಪೂರ್ವಾಪೇಕ್ಷಿತ ವಿಷಯ’?”

“ಕಪಾಟಿನ ಕಾಲು. ಮೊದಲು ಅದಿಲ್ದೆ ಮೇಲಿನದು ನಿಲ್ಲಲ್ಲ.”

“ಐಚ್ಛಿಕ ವಿಷಯ?”

“ಕಪಾಟಿನ ಹಿಡಿ. ಹಿತ್ತಾಳೇದು ಬೇಕಾದ್ರೆ ಹಿತ್ತಾಳೇದು, ಮರದ್ದು ಬೇಕಾದ್ರೆ ಮರದ್ದು.”

ಹೀಗೆ ಅರ್ಧ ಗಂಟೆಯಲ್ಲಿ ಇಡೀ ವಿಶ್ವವಿದ್ಯಾಲಯ ಒಂದು ಕಪಾಟಾಗಿ ನಿಂತಿತು. ಹೆಡ್‌ಮಾಸ್ತರು ಕಣ್ಣುಮುಚ್ಚಿಕೊಂಡೇ, “ನಮ್ಮ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ. ಪಾಸು, ಫೇಲು, ಎರಡೇ ಪದ,” ಅಂದರು.

ಪತ್ರದಲ್ಲಿದ್ದ ಸಂಗತಿ ಇಷ್ಟು. ಬಿ.ಎ. ಇತಿಹಾಸಕ್ಕೆ ಮೂರು ವರ್ಷದ ಸೀಟು ಕೊಟ್ಟಿದ್ದೇವೆ. ಓದು ಬಿಟ್ಟು ಬಹಳ ವರ್ಷವಾದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುವ ಒಂದು ಸೇತು ಕೋರ್ಸ್ ಪಾಸು ಮಾಡಬೇಕು, ಅದೇ ಷರತ್ತು. ಶುಕ್ರವಾರ ಕೌಂಟರ್ ಮುಚ್ಚುವುದರೊಳಗೆ ಬಂದು ಒಪ್ಪಿಗೆ ಹೇಳಬೇಕು. ಹೇಳದಿದ್ದರೆ ಸೀಟು ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಪತ್ರದ ಜೊತೆ ಈ ಪದಗಳ ಅರ್ಥವನ್ನೆಲ್ಲ ತಿಳಿಸುವ ಸಣ್ಣ ಕೈಪಿಡಿಯೂ ಇತ್ತು. ಅರ್ಧಬೆಲೆಯವರು, “ಇದು ಗೊತ್ತಿಲ್ಲದವರಿಗೆ,” ಎಂದು ಅದನ್ನು ನಾಲ್ಕು ಮಡಿಕೆ ಮಾಡಿ, ಓಲಾಡುತ್ತಿದ್ದ ಒಂದು ಕಪಾಟಿನ ಕಾಲಡಿಗೆ ಒತ್ತಿದರು. ಕಪಾಟು ಗಟ್ಟಿಯಾಗಿ ನಿಂತಿತು.

“ನಾಳೆನೇ ಹೋಗಿ ಒಪ್ಪಿಗೆ ಹೇಳಿಬರೋಣ ರೀ,” ಅಂದಳು ಹೆಂಡತಿ. ಆಕೆ ಒಬ್ಬಳೇ ಹೋಗಬಹುದಿತ್ತು. ಆದರೆ ಸೀಟು ಸಿಕ್ಕೀತು ಎಂದು ಕನಸಿನಲ್ಲೂ ಎಣಿಸಿರದೆ, ಸಿಕ್ಕಿದ ಮೇಲೆ ಕೈಕಾಲು ಆಡದಂತಾಗಿತ್ತು. ಅದೂ ಅಲ್ಲದೆ ಆ ಮನೆಯಲ್ಲಿ ಹೊರಗಿನವರ ಜೊತೆ ಮಾತಾಡುವ ಖಾತೆ ಮೊದಲಿಂದಲೂ ಗಂಡನದು.

“ನಾಳೆನಾ?” ಅರ್ಧಬೆಲೆಯವರು ಹೌಹಾರಿದರು. “ಪತ್ರ ಬಂದ ಮಾರನೇ ದಿನ ಹೋಗಿ ನಿಂತ್ರೆ ಏನು ತಿಳ್ಕೊತಾರೆ? ಇವರಿಗೆ ಬೇಕೇ ಬೇಕು ಅಂತ ಗೊತ್ತಾಗಿಬಿಡುತ್ತೆ.”

“ಬೇಕೇ ಬೇಕಲ್ಲ?”

“ಬೇಕು ಅನ್ನೋದು ಮನಸ್ಸಲ್ಲಿರಲಿ. ಮುಖದ ಮೇಲೆ ಬೇಡ. ನೀನು ಸುಮ್ನಿರು, ಆ ಷರತ್ತನ್ನ ಕಿತ್ತುಹಾಕಿಸಿ, ಮೂರು ವರ್ಷಾನ ಒಂದೂವರೆಗೆ ಇಳಿಸಿ, ಸೀಟನ್ನ ಮನೆಗೆ ತಂದುಕೊಡೋದು ನನ್ನ ಜವಾಬ್ದಾರಿ.”

ದರ್ಜಿ ಮೆಚ್ಚಿ ತಲೆದೂಗಿದ. ಹೆಂಡತಿ ಆ ಕಪಾಟಿನ ಕಾಲಡಿಯನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಆ ಕಪಾಟು ಮತ್ತೆ ಓಲಾಡುತ್ತಿತ್ತು. ಅರ್ಧಬೆಲೆಯವರು ನೆಲಕ್ಕೆ ಕಲ್ಲು ಹಾಸಿದ ಮೇಸ್ತ್ರಿಯನ್ನು ಬೈದರು.

ಅವರ ವ್ಯಾಪಾರಶಾಸ್ತ್ರದ ಪ್ರಕಾರ ದೊಡ್ಡ ಸಾಮಾನು ಕೊಳ್ಳುವಾಗ ಮೊದಲು ತಾನು ಹೋಗಬಾರದು. ತನ್ನ ಕಡೆಯವನೊಬ್ಬ ಅಪರಿಚಿತನ ಹಾಗೆ ಹೋಗಿ, ಸಾಮಾನಿನ ಸುತ್ತ ಒಂದು ಸುತ್ತು ಹಾಕಿ, ಇಲ್ಲದ ಕುಂದನ್ನೆಲ್ಲ ಎತ್ತಿ ಆಡಿ, ಮುಖ ಸಿಂಡರಿಸಿಕೊಂಡು ಬರಬೇಕು. ಮಾರುವವನ ಎದೆ ಕುಗ್ಗಿರುವಾಗ ತಾನು ಹೋಗಬೇಕು. ಈ ಕೆಲಸಕ್ಕೆ ಅವರಲ್ಲಿ ಖಾಯಂ ಆಗಿದ್ದವನು ಹೆಂಡತಿಯ ತಮ್ಮ. ಅವನಿಗೆ ಬೀದಿಯವರು ಎರಡನೇ ಗಿರಾಕಿ ಅನ್ನುತ್ತಿದ್ದರು. ಕೊಳ್ಳುವಾಗ ಹೋಗಿ ಬೈದುಬರುವುದು, ಮಾರುವಾಗ ಗಿರಾಕಿಯ ಪಕ್ಕ ನಿಂತು, “ಇದು ಇನ್ನೂ ಇದೆಯಾ? ಹಾಗಾದ್ರೆ ನಾನೇ ತಗೊಂಡೆ,” ಎಂದು ಆಸೆ ಹುಟ್ಟಿಸುವುದು, ಇದೇ ಅವನ ಉದ್ಯೋಗ. ಹೀಗೆ ಅವನು ಜೀವಮಾನದಲ್ಲಿ ನೂರಾರು ಮಂಚ ಮೇಜು ತಗೊಂಡಿದ್ದ. ಮನೆಯಲ್ಲಿ ಚಾಪೆಯ ಮೇಲೆ ಮಲಗುತ್ತಿದ್ದ.

“ಹೋಗು. ಗೋಡೆ ಸರಿಯಿಲ್ಲ ಅನ್ನು, ಬೆಂಚು ಸರಿಯಿಲ್ಲ ಅನ್ನು. ಇಲ್ಲಿಗೆ ಯಾರು ಸೇರ್ತಾರೆ ಅಂತ ಗಟ್ಟಿಯಾಗಿ ಹೇಳಿ ಬಂದುಬಿಡು,” ಎಂದು ಭಾವ ಕಳಿಸಿದರು.

ಎರಡನೇ ಗಿರಾಕಿ ಬೆಳಿಗ್ಗೆ ಹೋದವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ. ಕೊರಳಲ್ಲಿ ದಾರ ನೇತಾಡುತ್ತಿತ್ತು. ದಾರದ ತುದಿಯಲ್ಲಿ ಅವನದೇ ಫೋಟೋ ಇದ್ದ ಗುರುತಿನ ಚೀಟಿ.

“ಏನಯ್ಯಾ ಇದು?”

“ಭಾವ, ನಾನು ಸೇರ್ಕೊಂಡೆ.”

ಅರ್ಧಬೆಲೆಯವರು ಪಾಲಿಶ್ ಹಚ್ಚುತ್ತಿದ್ದ ಬಟ್ಟೆ ಕೆಳಗಿಟ್ಟರು. ಬಾವಿಗೆ ಬಿದ್ದ ಕೊಡ ತೆಗೆಯಲು ಇಳಿಸಿದವನು ಅಲ್ಲೇ ಸ್ನಾನ ಮುಗಿಸಿ ತಲೆ ಒರೆಸಿಕೊಂಡು ಬಂದ ಹಾಗಾಗಿತ್ತು.

“ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಭಾವ,” ಎಂದು ಅವನು ಅಕ್ಕ ಕೊಟ್ಟ ನೀರು ಕುಡಿದು ಶುರು ಮಾಡಿದ. “ಕೌಂಟರಲ್ಲಿ ಒಬ್ಬರು ಮೇಡಂ ಇದಾರೆ. ಗೋಡೆಯೆಲ್ಲ ತೇವ ಅಂದೆ. ಹೌದು, ಸೋರುತ್ತೆ, ಎರಡು ವರ್ಷದಿಂದ ಬರೀತಾನೇ ಇದೀವಿ ಅಂದ್ರು. ಬೆಂಚು ಗಟ್ಟಿ ಅಂದೆ. ಬಹಳ ಗಟ್ಟಿ, ಬೇಕಾದ್ರೆ ಕೂತು ನೋಡಿ ಅಂದ್ರು. ಎಲ್ಲಾ ಕುಂದನ್ನೂ ಅವರೇ ಒಪ್ಕೊಂಡುಬಿಟ್ರೆ ನಾನು ಮುಂದೆ ಏನು ಮಾತಾಡ್ಲಿ? ಕೂತು ನೋಡೋಣ ಅಂತ ಹೋದೆ. ಅಲ್ಲಿ ಪಾಠ ನಡೀತಿತ್ತು. ಯಾವುದೋ ಊರಿನ ಜನ ಉಪ್ಪಿಗೋಸ್ಕರ ಅರಸನ ಮೇಲೆ ತಿರುಗಿಬಿದ್ದ ಕಥೆ. ನಾನು ಅಭ್ಯಾಸಬಲದಿಂದ ‘ಆಹಾ, ಚೆನ್ನಾಗಿದೆ’ ಅಂತ ತಲೆಯಾಡಿಸಿದೆ. ಮೇಷ್ಟ್ರಿಗೆ ಬಹಳ ಸಂತೋಷ ಆಯ್ತು. ಅವರ ಸರ್ವೀಸಲ್ಲಿ ಯಾರೂ ಹಾಗೆ ಅಂದಿರಲಿಲ್ಲವಂತೆ.”

“ಅದಕ್ಕೆ ಸೇರ್ಕೊಂಡುಬಿಡೋದಾ? ಪರೀಕ್ಷೆಯಲ್ಲಿ ಏನು ಬರೀತೀಯಾ, ಮಣ್ಣು?”

“ಪರೀಕ್ಷೆ ಇಲ್ಲ ಭಾವ. ಇದಕ್ಕೆ ಆಡಿಟ್ ವಿದ್ಯಾರ್ಥಿ ಅಂತಾರೆ. ಕೂತು ಕೇಳಬಹುದು, ಅಷ್ಟೆ. ಅಂಕ ಇಲ್ಲ, ಪದವಿ ಇಲ್ಲ. ಏನನ್ನೂ ಮನೆಗೆ ತಗೊಂಡು ಹೋಗೋ ಹಾಗಿಲ್ಲ.”

ಇಷ್ಟು ವರ್ಷ ತಾನು ಮಾಡಿಕೊಂಡು ಬಂದ ಕೆಲಸಕ್ಕೆ ವಿಶ್ವವಿದ್ಯಾಲಯದಲ್ಲಿ ಒಂದು ಹೆಸರಿದೆ, ಒಂದು ಬೆಂಚಿದೆ ಎಂದು ತಿಳಿದು ಅವನ ಕಣ್ಣು ತೇವವಾಗಿತ್ತು. ಅಕ್ಕ ಅವನ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು, ಎರಡು ಕಡೆಯೂ ತಿರುಗಿಸಿ ನೋಡಿ, ಮೆಲ್ಲಗೆ ಬಿಟ್ಟಳು.

ಆದರೂ ಅವನು ಪೂರ್ತಿ ಬರಿಗೈಯಲ್ಲಿ ಬಂದಿರಲಿಲ್ಲ. “ಇನ್ನೊಂದು ವಿಷಯ ತಿಳೀತು ಭಾವ. ‘ಹಿಂದಿನ ಕಲಿಕೆಗೆ ಮಾನ್ಯತೆ’ ಅಂತ ಇದೆಯಂತೆ. ಮೊದಲೇ ಕಲಿತದ್ದು ಏನಾದ್ರೂ ಇದ್ರೆ ಅಷ್ಟು ವಿಷಯ ಬಿಟ್ಟುಕೊಡ್ತಾರಂತೆ.”

ಅರ್ಧಬೆಲೆಯವರ ಮುಖ ಅರಳಿತು. “ನೋಡಿದ್ಯಾ, ರಿಯಾಯಿತಿ ಇಟ್ಕೊಂಡೇ ಕೂತಿದಾರೆ. ಕೇಳದೆ ಇದ್ದವರಿಗೆ ಹೇಳಲ್ಲ.”

ಮರುದಿನದಿಂದ ಹೆಂಡತಿಗೆ ಮೊದಲೇ ಎಷ್ಟು ಇತಿಹಾಸ ಗೊತ್ತು ಎಂಬುದಕ್ಕೆ ಸಾಕ್ಷಿ ಒಟ್ಟುಮಾಡುವ ಕೆಲಸ ಶುರುವಾಯಿತು. ದರ್ಜಿ ತನ್ನ ಅಳತೆ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟ: ‘ಈ ಬೀದಿಯಲ್ಲಿ ಹತ್ತು ವರ್ಷದಿಂದ ನಡೆದ ಜಗಳಗಳನ್ನೆಲ್ಲ, ಯಾರು ಮೊದಲು ಶುರು ಮಾಡಿದರು ಎಂಬುದರ ಸಮೇತ, ಈಯಮ್ಮ ಬಲ್ಲರು. ಎರಡು ಸಲ ರಾಜಿ ಮಾಡಿಸಿದ್ದಾರೆ.’ ಹೆಡ್‌ಮಾಸ್ತರು ಆರಾಮಕುರ್ಚಿಯಿಂದ ಏಳದೆಯೇ, ‘ಮೇಲಿನದು ನಿಜ’ ಎಂದು ರುಜು ಹಾಕಿದರು. ಆಮೇಲೆ ಸ್ವಲ್ಪ ಯೋಚಿಸಿ, ಎಷ್ಟೋ ವರ್ಷದ ಅಭ್ಯಾಸ ನೋಡಿ, ದರ್ಜಿಯ ಕಾಗುಣಿತಕ್ಕೆ ಹತ್ತಕ್ಕೆ ನಾಲ್ಕು ಅಂಕವನ್ನೂ ಹಾಕಿದರು.

“ನಾನು ಹೋಗ್ತಿರೋದೇ ಕಲಿಯೋಕೆ ರೀ,” ಅಂದಳು ಹೆಂಡತಿ. “ಕಲಿತಾಗಿದೆ ಅಂತ ಸಾಬೀತು ಮಾಡ್ಕೊಂಡು ನಾನೇನು ಮಾಡ್ಲಿ?”

“ನಿನಗೆ ವ್ಯವಹಾರ ತಿಳಿಯಲ್ಲ,” ಅಂದರು ಅರ್ಧಬೆಲೆಯವರು.

ಶುಕ್ರವಾರ ಬೆಳಿಗ್ಗೆಯೇ ಆಕೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ಅರ್ಧಬೆಲೆಯವರು ಏಳಲೇ ಇಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಮಾರುವವನಿಗೆ ದಣಿವಾಗಿರುತ್ತದೆ, ಮನೆಗೆ ಹೋದರೆ ಸಾಕು ಎನಿಸಿರುತ್ತದೆ, ಬೆಲೆ ತಾನಾಗಿ ಇಳಿಯುತ್ತದೆ, ಇದೂ ಅವರ ಶಾಸ್ತ್ರದ್ದೇ. ಆಕೆ ಮಧ್ಯಾಹ್ನದವರೆಗೆ ನಾಲ್ಕು ಬಾರಿ ಗಡಿಯಾರ ನೋಡಿದಳು, ಐದನೇ ಬಾರಿ ಗಂಡನ ಮುಖ ನೋಡಿದಳು. ಆ ನೋಟಕ್ಕೆ ಅವರು ಎದ್ದು ಅಂಗಿ ಹಾಕಿಕೊಂಡರು.

ಪ್ರವೇಶ ವಿಭಾಗ ಎಂಬುದು ಒಂದು ಉದ್ದನೆಯ ಕೋಣೆ. ಗೋಡೆ ನಿಜಕ್ಕೂ ತೇವವಾಗಿತ್ತು. ಅಡ್ಡಲಾಗಿ ಒಂದು ಕೌಂಟರ್, ಅದರ ಹಿಂದೆ ಕನ್ನಡಕವನ್ನು ಸರದಲ್ಲಿ ಕಟ್ಟಿಕೊಂಡ ಮೇಡಂ. ಬೆಳಗಿನಿಂದ ಒಂದೇ ಉತ್ತರಗಳನ್ನು ಹೇಳಿ ಹೇಳಿ ಅವರ ದನಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸಪಾಟಾಗಿತ್ತು. ಸಾಲಿನಲ್ಲಿ ಇವರ ಹಿಂದೆ ಇನ್ನೂ ಹತ್ತಾರು ಜನ. ಸರದಿ ಬಂದಾಗ ಹೆಂಡತಿ ಬಾಯಿ ತೆರೆಯುವ ಮೊದಲೇ ಅರ್ಧಬೆಲೆಯವರು ಮುಂದೆ ಬಂದು, ಕೌಂಟರಿನ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

“ಪ್ಲೈವುಡ್ಡು,” ಅಂದರು.

“ಹೌದು,” ಅಂದರು ಮೇಡಂ. “ಯಾವ ವಿಷಯ?”

“ಇತಿಹಾಸ. ಎಷ್ಟು ವರ್ಷ ಅಂತ ಬರೆದಿದೀರಿ?”

“ಮೂರು.”

“ಒಂದೂವರೆ ಮಾಡ್ಕೊಳ್ಳಿ.”

ಮೇಡಂ ತಲೆ ಎತ್ತಲಿಲ್ಲ. “ಅರ್ಧ ಹೊರೆ ಬೇಕು ಅಂದ್ರೆ ಕೊಡ್ತೀವಿ. ಅರೆಕಾಲಿಕ ನೋಂದಣಿ ಅಂತ ಇದೆ.”

ಅರ್ಧಬೆಲೆಯವರು ಸಾಲಿನ ಕಡೆ ತಿರುಗಿ, ಇದಕ್ಕೇ ನಾನು ಬರಬೇಕು ಅನ್ನೋದು ಎಂಬಂತೆ ನಿಂತರು. ಸಾಲಿನಲ್ಲಿದ್ದ ಒಬ್ಬಿಬ್ಬರು ಗೌರವದಿಂದ ನೋಡಿದರು.

“ಪ್ರತಿ ಸೆಮಿಸ್ಟರಿಗೆ ಅರ್ಧ ವಿಷಯ ಓದೋದು,” ಮೇಡಂ ಮುಗಿಸಿದರು. “ಪದವಿ ಆಗೋಕೆ ಆರು ವರ್ಷ.”

ಇಳಿಸಿದರೆ ಏರುವ ಸರಕನ್ನು ಅರ್ಧಬೆಲೆಯವರು ಜನ್ಮದಲ್ಲಿ ಕಂಡಿರಲಿಲ್ಲ. ಲೆಕ್ಕ ತಪ್ಪಿದಂತಾಗಿ, ಮಾತು ಬದಲಿಸಿದರು. “ಅದು ಹಾಗಿರಲಿ. ಹಾಜರಾತಿ ಎಷ್ಟು?”

“ಎಪ್ಪತ್ತೈದು ಪರ್ಸೆಂಟು.”

“ಮೂವತ್ತೇಳೂವರೆ.”

“ಮೂವತ್ತೇಳೂವರೆ ಇದ್ರೆ ಪರೀಕ್ಷೆಗೆ ಕೂರಿಸಲ್ಲ.”

“ಐಚ್ಛಿಕ ವಿಷಯ?”

“ಆರು ಇದಾವೆ. ಮೂರು ಆರಿಸ್ಕೊಬೇಕು.”

ಅರ್ಧಬೆಲೆಯವರಿಗೆ ಅನುಮಾನ ಬಂತು. ಕೇಳುವ ಮೊದಲೇ ಅರ್ಧಕ್ಕೆ ಇಳಿದರೆ ಸರಕಿನಲ್ಲಿ ಏನೋ ದೋಷ ಇದ್ದೇ ಇದೆ. “ನೀವಾಗೇ ಅರ್ಧ ಮಾಡಿದೀರಲ್ಲ, ಯಾಕೆ? ಉಳಿದ ಮೂರಕ್ಕೆ ಏನಾಗಿದೆ?”

“ರೀ,” ಅಂದಳು ಹೆಂಡತಿ, “ಅದು ಹಾಗಲ್ಲ. ನಮಗೆ ಇಷ್ಟವಾದ ಮೂರು ಓದೋದು.”

“ನೀನು ಮುಖ ಆ ಕಡೆ ಮಾಡು. ಆಸೆ ಕಾಣ್ತಿದೆ,” ಎಂದು ಅವರು ಪಿಸುಗುಟ್ಟಿ, ದರ್ಜಿಯ ಸರ್ಟಿಫಿಕೇಟನ್ನು ಹಲಗೆಯ ಮೇಲಿಟ್ಟರು. ಮೇಡಂ ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದಿದರು.

“ಚೆನ್ನಾಗಿದೆ. ಆದ್ರೆ ಬೇರೆ ಸಂಸ್ಥೇಲಿ ಓದಿ ಪಾಸಾಗಿದ್ರೆ ಮಾತ್ರ ಮಾನ್ಯತೆ ಕೊಡೋದು.”

“ನಮ್ಮ ಬೀದಿ ಒಂದು ಸಂಸ್ಥೆ ಅಲ್ವಾ?”

“ಅಲ್ಲ.”

“ಹೋಗಲಿ, ಕಡೇ ಮಾತು. ಆ ಸೇತು ಕೋರ್ಸಿನ ಷರತ್ತು ತೆಗೀರಿ, ಈಗಲೇ ಮುಗಿಸೋಣ.”

“ಅದು ಆಗಲ್ಲ.”

ವ್ಯಾಪಾರದಲ್ಲಿ ಎಲ್ಲ ಬಾಣ ಮುಗಿದ ಮೇಲೆ ಉಳಿಯುವ ಅಸ್ತ್ರ ಒಂದಿದೆ. “ಬೇಡ ಬಿಡಿ” ಅನ್ನಬೇಕು, ಅಂದು ಎದ್ದು ಹೊರಡಬೇಕು. ಹಿಂತಿರುಗಿ ನೋಡಬಾರದು. ಬಾಗಿಲು ದಾಟುವುದರೊಳಗೆ, “ಬನ್ನಿ ಬನ್ನಿ, ಯಾಕೆ ಕೋಪ ಮಾಡ್ಕೊತೀರಿ,” ಎಂಬ ಕೂಗು ಬಂದೇ ಬರುತ್ತದೆ. ಮಾರುವವರ ಸಂತತಿ ಭೂಮಿಯ ಮೇಲೆ ಇರುವವರೆಗೆ ಇದು ತಪ್ಪುವುದಿಲ್ಲ. ಅರ್ಧಬೆಲೆಯವರು ಸರ್ಟಿಫಿಕೇಟು ಮಡಿಸಿ ಜೇಬಿಗಿಟ್ಟು, ಇಡೀ ಕೋಣೆಗೆ ಕೇಳುವ ಹಾಗೆ, “ಬೇಡ ಬಿಡಿ,” ಅಂದರು. ಹೆಂಡತಿಯ ತೋಳು ಹಿಡಿದು, ಆಕೆ ಏನಾಯಿತು ಎಂದು ತಿಳಿಯುವ ಮೊದಲೇ ಹೊರಗಿನ ಪಡಸಾಲೆಗೆ ನಡೆದರು.

“ತಿರುಗಿ ನೋಡ್ಬೇಡ. ಈಗ ಕರೀತಾರೆ.”

ಒಳಗಿನಿಂದ ದನಿ ಬಂತು. “ಮುಂದಿನವರು ಬನ್ನಿ.”

“ಕರೆದ್ರು ನೋಡು.”

“ಅದು ಮುಂದಿನವರನ್ನ,” ಅಂದಳು ಹೆಂಡತಿ.

ಅವರು ಕಂಬಕ್ಕೆ ಒರಗಿ, ಕರೆಯಲಿ ಬಿಡಲಿ ತನಗೇನು ಎಂಬ ಮುಖ ಮಾಡಿಕೊಂಡು ನಿಂತರು. ಮುಂದಿನವರು ಹೋಗಿ ಇನ್ನೊಬ್ಬರು ಬಂದರು. ಅಷ್ಟರಲ್ಲಿ ಪಾಠ ಬಿಟ್ಟು, ಎದೆಗೆ ಪುಸ್ತಕ ಒತ್ತಿಕೊಂಡು ಎರಡನೇ ಗಿರಾಕಿ ಅತ್ತ ಬಂದ. ಭಾವ ನಿಂತ ಭಂಗಿ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಎಷ್ಟು ಅಂಗಡಿಗಳ ಮುಂದೆ ನೋಡಿದ್ದ ಭಂಗಿ ಅದು.

“ಭಾವ, ಇಲ್ಲೂ ‘ಬೇಡ ಬಿಡಿ’ ಅಂದ್ರಾ?”

“ಕರೀತಾರೆ, ತಾಳು.”

“ಇಲ್ಲಿ ಯಾರೂ ಕರೆಯಲ್ಲ ಭಾವ. ಬೇಡ ಅಂದ್ರೆ ‘ನಿರಾಕರಿಸಿದ್ದಾರೆ’ ಅಂತ ಬರ್ಕೊಂಡು ಕಾಯ್ತಿರೋರಿಗೆ ಕೊಟ್ಟುಬಿಡ್ತಾರೆ. ಮೊನ್ನೆ ನನ್ನ ಕಣ್ಣೆದುರೇ ಒಬ್ಬರದ್ದು ಹಾಗಾಯ್ತು.”

ಹೆಂಡತಿ ಗಂಡನ ಕೈಯಿಂದ ತನ್ನ ತೋಳು ಬಿಡಿಸಿಕೊಂಡಳು. ಕೂಗಾಡುವವಳಲ್ಲ ಆಕೆ. ಕೂಗಾಡಿದ್ದರೆ ಅರ್ಧಬೆಲೆಯವರಿಗೆ ಸಮಾಧಾನವಿರುತ್ತಿತ್ತು, ಎದುರು ಮಾತಿಗೆ ಅವರಲ್ಲಿ ಯಾವಾಗಲೂ ದಾಸ್ತಾನು ಇತ್ತು.

“ನಿಮ್ಮ ಮನೆಗೆ ಬಂದಮೇಲೆ ನಾನು ಬೇಕು ಅಂತ ಕೇಳಿದ್ದು ಇದೊಂದೇ ರೀ,” ಅಂದಳು. “ಅದಕ್ಕೂ ನೀವು ನನ್ನ ಪರವಾಗಿ ಬೇಡ ಅಂದುಬಿಟ್ರಿ.”

ಈ ಮಾತಿನ ಅರ್ಧ ಎಷ್ಟು ಎಂದು ಅರ್ಧಬೆಲೆಯವರಿಗೆ ಹೊಳೆಯಲಿಲ್ಲ. ಹೆಂಡತಿಯ ಕಣ್ಣಲ್ಲಿ ನೀರಿರಲಿಲ್ಲ. ಬೆಳಗಿನಿಂದ ಚಪ್ಪಲಿ ಮೆಟ್ಟಿಕೊಂಡು ಕಾದ ಕಾಲುಗಳು ಮಾತ್ರ ಇನ್ನೂ ಕೌಂಟರಿನ ಕಡೆಗೇ ತಿರುಗಿದ್ದವು. ಅದನ್ನು ನೋಡಿದ ಅವರಿಗೆ ನಾಚಿಕೆಯಾಯಿತು, ಭಯವೂ ಆಯಿತು. ಕಂಬ ಬಿಟ್ಟು ಒಳಗೆ ಓಡಿದರು.

ಸಾಲಿನವರು, “ರೀ, ಹಿಂದೆ ನಿಲ್ರೀ,” ಎಂದು ಅಂಗಿ ಹಿಡಿದರು. ಒಬ್ಬ, “ಬೇಡ ಅಂದೋರು ಇವರೇ ಅಲ್ವಾ?” ಅಂದ. ಅರ್ಧಬೆಲೆಯವರು ಅಂಗಿಯನ್ನು ಅವರ ಕೈಯಲ್ಲೇ ಬಿಟ್ಟುಹೋಗಲೂ ತಯಾರಿದ್ದರು. ಹೇಗೋ ನುಗ್ಗಿ ಕೌಂಟರ್ ಹಿಡಿದುಕೊಂಡರು.

“ಅಮ್ಮಾ, ನೀವು ಹೇಳಿದಷ್ಟಕ್ಕೇ ತಗೋತೀವಿ. ಮೂರು ಅಂದ್ರೆ ಮೂರು, ಆರು ಅಂದ್ರೆ ಆರು. ಬೇಕಾದ್ರೆ ಇನ್ನೊಂದು ಷರತ್ತು ಸೇರಿಸಿ. ಎಪ್ಪತ್ತೈದು ಪರ್ಸೆಂಟನ್ನ ನೂರೈವತ್ತು ಮಾಡಿ. ನಾನು ಬೇಡ ಅಂದಿದ್ದನ್ನ ಮಾತ್ರ ಹೊಡೆದುಹಾಕಿ.”

ಮೇಡಂ ಮೊದಲ ಬಾರಿಗೆ ಅವರ ಮುಖವನ್ನು ಪೂರ್ತಿಯಾಗಿ ನೋಡಿದರು. “ನೀವು ಅರ್ಜಿದಾರರಾ?”

“ಅಲ್ಲ, ಅವರ ಗಂಡ.”

“ಅಂಥದ್ದೊಂದು ವರ್ಗ ನಮ್ಮಲ್ಲಿ ಇಲ್ಲ. ಅರ್ಜಿದಾರರಿಗೆ ಹದಿನೆಂಟು ತುಂಬಿಲ್ವಾ?”

“ನಲವತ್ತನಾಲ್ಕು.”

“ಹಾಗಾದ್ರೆ ಪೋಷಕರು ಅಂತಲೂ ನಿಮ್ಮನ್ನ ಸೇರಿಸೋಕಾಗಲ್ಲ. ನೀವು ಜೊತೆಗೆ ಬಂದವರು.”

“ಆಗಲಮ್ಮ, ಜೊತೆಗೆ ಬಂದವನೇ. ಆದ್ರೆ ನಾನು ಬೇಡ ಅಂದದ್ದು?”

“ಜೊತೆಗೆ ಬಂದವರು ಬೇಕು ಅಂದ್ರೂ ನಾವು ಬರ್ಕೊಳ್ಳಲ್ಲ, ಬೇಡ ಅಂದ್ರೂ ಬರ್ಕೊಳ್ಳಲ್ಲ. ನೀವು ಏನೋ ಮಾತಾಡಿದ್ರಿ, ಹೊರಟುಹೋದ್ರಿ. ಕೌಂಟರ್ ಮುಚ್ಚೋವರೆಗೆ ಸೀಟು ಅವರದ್ದೇ. ಅವರು ಬಾಯಿಬಿಟ್ಟು ಇನ್ನೂ ಏನೂ ಹೇಳಿಲ್ಲವಲ್ಲ.”

ಇಷ್ಟು ದೊಡ್ಡ ಅವಮಾನ ಅರ್ಧಬೆಲೆಯವರಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಇಷ್ಟು ಒಳ್ಳೆಯ ಸುದ್ದಿಯನ್ನೂ ಅವರು ಕೇಳಿರಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಬಂದದ್ದರಿಂದ ಯಾವುದಕ್ಕೆ ಮುಖ ಸಣ್ಣ ಮಾಡಬೇಕು, ಯಾವುದಕ್ಕೆ ಅರಳಿಸಬೇಕು ತಿಳಿಯದೆ ಬೆವರು ಒರೆಸಿಕೊಂಡರು. ಇಪ್ಪತ್ತೆರಡು ವರ್ಷ ಮನೆಯ ಪರವಾಗಿ ತಾವು ಆಡಿದ ಮಾತುಗಳಲ್ಲಿ ಇನ್ನೆಷ್ಟನ್ನು ಯಾರೂ ಬರೆದುಕೊಂಡಿಲ್ಲವೋ ಎಂಬ ಸಂಶಯವೂ ಒಂದು ಮಿಂಚಿನ ಹಾಗೆ ಬಂದುಹೋಯಿತು.

ಹೆಂಡತಿ ಅಷ್ಟರಲ್ಲಿ ಅವರ ಪಕ್ಕ ಬಂದು ನಿಂತಿದ್ದಳು. ಸಾಲಿನವರು ತಾವಾಗಿ ದಾರಿ ಬಿಟ್ಟಿದ್ದರು.

“ನೀವು ಹೇಳಿ,” ಅಂದರು ಮೇಡಂ ಆಕೆಗೆ. “ಸೀಟು ಒಪ್ಪಿಗೆನಾ?”

“ಒಪ್ಪಿಗೆ.”

“ಪೂರ್ಣಾವಧಿನಾ, ಅರೆಕಾಲಿಕಾನಾ?”

“ಪೂರ್ಣಾವಧಿ.”

“ಸೇತು ಕೋರ್ಸು ಕಡ್ಡಾಯ. ಅದು ಪಾಸಾಗದೆ ಎರಡನೇ ಸೆಮಿಸ್ಟರಿಗೆ ಬಿಡಲ್ಲ.”

“ಗೊತ್ತು, ಕೈಪಿಡಿಯಲ್ಲಿ ಓದಿದೆ. ನನಗೆ ಅದು ಬೇಕು ಮೇಡಂ. ನನ್ನ ಕೈಬರಹ ಕೂಡ ಮರೆತುಹೋಗಿದೆ.”

ಒಂದೊಂದು ಉತ್ತರಕ್ಕೂ ಅರ್ಧಬೆಲೆಯವರು ಬೆರಳು ಮಡಿಸಿ ನಷ್ಟ ಎಣಿಸಿದರು. ಆಕೆ ಒಂದು ಸಲವೂ ಮುಖ ತಿರುಗಿಸಲಿಲ್ಲ, ಒಂದು ಸಲವೂ ನಿಟ್ಟುಸಿರು ಬಿಡಲಿಲ್ಲ, ಮನೇಲಿ ಕೇಳಿ ಹೇಳ್ತೀನಿ ಅನ್ನಲಿಲ್ಲ. ಹೇಳಿದ ಮಾತಿಗೆ ಹೇಳಿದ ಹಾಗೆ ಹೂಂ ಅನ್ನುತ್ತಾ, ವ್ಯಾಪಾರದ ಇತಿಹಾಸದಲ್ಲೇ ಇಷ್ಟು ಕೆಟ್ಟದಾಗಿ ಯಾರೂ ಏನನ್ನೂ ಕೊಂಡಿರಲಾರರು. ಆದರೆ ಹಾಗೆ ಕೊಳ್ಳುವಾಗ ಆಕೆಯ ಮುಖ ಹೇಗಿತ್ತು ಎಂದರೆ, ಅರ್ಧಬೆಲೆಯವರು ತಮ್ಮ ಬಾಯನ್ನು ತಾವೇ ಅಂಗೈಯಿಂದ ಮುಚ್ಚಿಕೊಂಡರು.

“ಜೊತೆಗೆ ಬಂದವರು ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ,” ಅಂದರು ಮೇಡಂ. “ಇವರ ಫೋಟೋ ತೆಗೀಬೇಕು.”

ಬೆಂಚು ನಿಜಕ್ಕೂ ಗಟ್ಟಿಯಾಗಿತ್ತು. ಅದರ ಮೇಲೆ ಆಗಲೇ ಒಂದಿಷ್ಟು ಜನ ಕೂತಿದ್ದರು. ಅಪ್ಪಂದಿರು, ಸೋದರಮಾವಂದಿರು, ಒಬ್ಬ ಅಣ್ಣ, ಕೊನೆಯಲ್ಲಿ ಜರಿ ಅಂಚಿನ ಶಾಲು ಹೊದ್ದ ಒಬ್ಬ ದೊಡ್ಡ ಮನುಷ್ಯ. ಅರ್ಧಬೆಲೆಯವರಿಗೆ ನಡುವೆ ಜಾಗ ಮಾಡಿಕೊಟ್ಟರು. ಪಕ್ಕದಲ್ಲಿದ್ದ ಅಪ್ಪನೊಬ್ಬ ಕೈಯಲ್ಲಿ ಮಗಳ ಪತ್ರ ಹಿಡಿದು ಬಹಳ ಹೊತ್ತಿನಿಂದ ಚಡಪಡಿಸುತ್ತಿದ್ದ. ಇವರ ನರೆತ ಮೀಸೆ, ಗಂಭೀರ ಮುಖ ನೋಡಿ ಅವನಿಗೆ ಧೈರ್ಯ ಬಂತು.

“ಯಜಮಾನರೇ, ನೋಡಿದ್ರೆ ತಿಳಿದವರ ಹಾಗೆ ಕಾಣ್ತೀರಿ. ಇಲ್ಲಿ ‘ತಾತ್ಕಾಲಿಕ ನೋಂದಣಿ’ ಅಂತ ಇದೆಯಲ್ಲ, ಹಾಗಂದ್ರೆ ಏನು?”

ಅರ್ಧಬೆಲೆಯವರು ಪತ್ರವನ್ನು ತೋಳಿನಷ್ಟು ದೂರ ಹಿಡಿದರು. ಮಡಚುವ ಕುರ್ಚಿಯ ಒಂದು ಸೊಗಸಾದ ಉದಾಹರಣೆ ನಾಲಿಗೆಯ ತುದಿಗೆ ಬಂದು ನಿಂತಿತು. ಒಳಗೆ ಯಾರೋ, “ಸ್ವಲ್ಪ ನಗಿ,” ಅಂದದ್ದು ಕೇಳಿಸಿತು, ಆಮೇಲೆ ಹೆಂಡತಿ ನಕ್ಕದ್ದೂ ಕೇಳಿಸಿತು. ಅವರು ಪತ್ರವನ್ನು ಜೋಪಾನವಾಗಿ ಮಡಿಸಿ ಹಿಂದಕ್ಕೆ ಕೊಟ್ಟರು.

“ನನಗೆ ಗೊತ್ತಿಲ್ಲಪ್ಪ. ನಮ್ಮ ಮನೆಯವರು ಒಳಗಿದಾರೆ. ಅವರು ಬರಲಿ, ಕೇಳೋಣ.”

ಆ ಅಪ್ಪ ಇವರನ್ನು ಕನಿಕರದಿಂದ ನೋಡಿ, ಇಂಥವರನ್ನೆಲ್ಲ ಯಾಕಾದರೂ ಜೊತೆಗೆ ಕರೆತರುತ್ತಾರೋ ಎಂದುಕೊಂಡು, ಶಾಲು ಹೊದ್ದವರ ಕಡೆ ತಿರುಗಿದ. ಅವರಿಗೆ ಎಲ್ಲಾ ಗೊತ್ತಿತ್ತು.